ಬಾಲ ಹಚ್ಚಿದರೆ ಒತ್ತು ಸರಿಯುತ್ತದೆ: ಇಂಗ್ಲಿಷ್ ಪದಗಳ ಒಳಲೆಕ್ಕ

ವಿಜಯಪುರದ ಗೋಳಗುಮ್ಮಟದ ಮುಂದೆ ಒಂದರ್ಧ ತಾಸು ನಿಂತರೆ ಕೆಲವು ಇಂಗ್ಲಿಷ್ ಪದಗಳು ಗೈಡ್‌ಗಳ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ. ಹಿಸ್ಟರಿ, ಹಿಸ್ಟಾರಿಕಲ್. ಆರ್ಕಿಟೆಕ್ಟ್, ಆರ್ಕಿಟೆಕ್ಚರಲ್. ಮಾನ್ಯುಮೆಂಟ್, ಮಾನ್ಯುಮೆಂಟಲ್. ಇನ್ನು ಕ್ಯಾಮೆರಾ ಹಿಡಿದವರಿಗೆ ‘ಇಲ್ಲಿ ಫೋಟೋಗ್ರಫಿ ನಡಿತೈತ್ರಿ’ ಅನ್ನುವ ಮಾತು ಇದ್ದೇ ಇದೆ. ಪದ ಗೊತ್ತು, ಅರ್ಥ ಗೊತ್ತು, ವ್ಯಾಕರಣವೂ ಪರವಾಗಿಲ್ಲ. ಆದರೂ ಹೊರದೇಶದಿಂದ ಬಂದವರು ಒಮ್ಮೊಮ್ಮೆ ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಹೇಳಿ ಅನ್ನುತ್ತಾರೆ. ಅಂಥ ಹೊತ್ತಲ್ಲಿ ಬಹಳ ಸಲ ಒತ್ತು ತಪ್ಪು ಜಾಗದಲ್ಲಿ ಬಿದ್ದಿರುತ್ತದೆ.

ಒತ್ತು ಅಂದರೆ ಇಲ್ಲಿ ಒತ್ತಕ್ಷರ ಅಲ್ಲ. ಇಂಗ್ಲಿಷಿನಲ್ಲಿ ಎರಡು, ಮೂರು, ನಾಲ್ಕು ಅಕ್ಷರಗಳ ಪದ ಹೇಳುವಾಗ ಅವುಗಳಲ್ಲಿ ಒಂದನ್ನು ಉಳಿದವುಗಳಿಗಿಂತ ಎತ್ತಿ ಹೇಳುತ್ತಾರೆ. ಆ ಅಕ್ಷರ ಸ್ವಲ್ಪ ಜೋರಾಗಿರುತ್ತದೆ, ಸ್ವಲ್ಪ ಉದ್ದವಾಗಿರುತ್ತದೆ, ದನಿಯೂ ಅಲ್ಲಿ ಏರುತ್ತದೆ ಅಥವಾ ತಿರುಗುತ್ತದೆ. ಮುಖ್ಯವಾಗಿ ಅದರ ಸ್ವರ ಪೂರ್ತಿ ಕೇಳಿಸುತ್ತದೆ. ಉಳಿದ ಅಕ್ಷರಗಳ ಸ್ವರ ಕುಗ್ಗಿ ಹೆಚ್ಚು ಕಡಿಮೆ ನಮ್ಮ ಹ್ರಸ್ವ ‘ಅ’ ಥರ ಆಗಿಬಿಡುತ್ತದೆ. ಈ ಕುಗ್ಗಿದ ಸ್ವರಕ್ಕೆ ಶ್ವಾ ಅಂತ ಹೆಸರು. ಇಂಗ್ಲಿಷ್ ಮಾತಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಸ್ವರ ಇದೇ. ಆದರೆ ಅದಕ್ಕೆ ಅಂತ ಒಂದು ಲಿಪಿ ಇಲ್ಲ, ಅದೇ ತೊಂದರೆ.

ಕನ್ನಡದಲ್ಲಿ ಹೀಗಿಲ್ಲ. ನಮ್ಮಲ್ಲಿ ಅರ್ಥ ಬದಲಾಗುವುದು ಉದ್ದದಿಂದ. ಕತೆಗೂ ಕತ್ತೆಗೂ, ಬಳೆಗೂ ಬಾಳೆಗೂ ಇರುವ ಅಂತರ ಮಾತ್ರೆಯದು. ಪದದ ಮೊದಲ ಅಕ್ಷರಕ್ಕೆ ಒಂಚೂರು ತೂಕ ಜಾಸ್ತಿ ಇರುತ್ತದೆ ನಿಜ. ಅದಕ್ಕೇ ‘ಕೆಲಸ’ ‘ಕೆಲ್ಸ’ ಆಗುತ್ತದೆ, ‘ಬೆಳಗಾವಿ’ ‘ಬೆಳ್ಗಾವಿ’ ಆಗುತ್ತದೆ. ಬೀಳುವುದು ನಡುವಿನ ಸ್ವರವೇ ಹೊರತು ಮೊದಲಿನದಲ್ಲ. ಆದರೆ ಆ ತೂಕವನ್ನು ಬೇರೆ ಅಕ್ಷರಕ್ಕೆ ಸರಿಸಿದರೂ ನಮಗೆ ಪದ ಗುರುತು ಸಿಗುತ್ತದೆ. ಇಂಗ್ಲಿಷಿನವರ ಕಿವಿ ಮೊದಲು ಹುಡುಕುವುದೇ ಒತ್ತು ಬಿದ್ದ ಅಕ್ಷರವನ್ನು. ಅದು ಜಾಗ ಬದಲಿಸಿದರೆ ಪದವೇ ಕೈತಪ್ಪುತ್ತದೆ.

ಈಗ ಒಂದು ಗುರುತು ಇಟ್ಟುಕೊಳ್ಳೋಣ. ಇಂಗ್ಲಿಷ್ ನಿಘಂಟುಗಳಲ್ಲಿ ಒತ್ತು ಬೀಳುವ ಅಕ್ಷರದ ಮುಂದೆ ಮೇಲ್ಗಡೆ ಒಂದು ಸಣ್ಣ ಗೀಟು ಹಾಕಿರುತ್ತಾರೆ. ಅದನ್ನೇ ಇಲ್ಲೂ ಬಳಸುತ್ತೇನೆ. ಕ್ಯಾಮೆರಾದಿಂದ ತೆಗೆದ ಚಿತ್ರ ˈಫೋ-ಟ-ಗ್ರಾಫ್. ತೆಗೆಯುವವನು ಫ-ˈಟಾ-ಗ್ರ-ಫರ್. ಆ ಕಲೆ ಫ-ˈಟಾ-ಗ್ರ-ಫಿ. ಅದಕ್ಕೆ ಸಂಬಂಧಪಟ್ಟದ್ದು ಫೋ-ಟ-ˈಗ್ರ್ಯಾ-ಫಿಕ್. ಬೇರು ಒಂದೇ. ಬಾಲ, ಅಂದರೆ ಕೊನೆಗೆ ಹತ್ತುವ ಪ್ರತ್ಯಯ, ಬದಲಾದ ಹಾಗೆ ಒತ್ತು ಓಡಾಡುತ್ತಿದೆ. ಒತ್ತು ಬಿಟ್ಟುಹೋದ ಕಡೆ ಸ್ವರ ಕುಗ್ಗುತ್ತಿದೆ, ಬಂದ ಕಡೆ ಹಿಗ್ಗುತ್ತಿದೆ: ‘ಫೋ’ ಇದ್ದದ್ದು ‘ಫ’ ಆಯಿತು, ‘ಟ’ ಇದ್ದದ್ದು ‘ಟಾ’ ಆಯಿತು. ನಾವು ನಾಲ್ಕನ್ನೂ ‘ಫೋಟೋ’ ಅಂತಲೇ ಶುರು ಮಾಡುತ್ತೇವೆ. ಕೇಳುವವರಿಗೆ ಕಷ್ಟವಾಗುವುದು ಅಲ್ಲೇ.

ಬಾಲ ಹಚ್ಚುವುದು ಕೊನೆಗೆ, ಮೊದಲಿನ ಸ್ವರ ಯಾಕೆ ಬದಲಾಗಬೇಕು? ಹುಡುಗರು ಕೇಳುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೂ ಹೌದು. ‘ಮನೆ’ಗೆ ಎಷ್ಟು ಪ್ರತ್ಯಯ ಹಚ್ಚಿದರೂ ಮನೆಯ, ಮನೆಯಲ್ಲಿ, ಮನೆಯಲ್ಲಿಯೇ ಎಂದು ‘ಮ’ ಹಾಗೇ ಇರುತ್ತದೆ, ಅಲ್ವಾ? ಆದರೆ ಸಮಾಜಕ್ಕೆ ‘ಇಕ’ ಹಚ್ಚಿ ನೋಡಿ. ಸಮಾಜಿಕ ಅನ್ನುವುದಿಲ್ಲ, ಸಾಮಾಜಿಕ ಅನ್ನುತ್ತೇವೆ. ಇತಿಹಾಸ ಐತಿಹಾಸಿಕ ಆಗುತ್ತದೆ. ದೇಹ ದೈಹಿಕ, ಲೋಕ ಲೌಕಿಕ. ಬಾಲ ಹಚ್ಚಿದ್ದು ಕೊನೆಯಲ್ಲಿ, ಬದಲಾದದ್ದು ಮೊದಲಲ್ಲಿ. ಸಾಲಿ ಕಲಿತ ಯಾವ ಕನ್ನಡಿಗನಿಗೂ ಇದು ವಿಚಿತ್ರ ಅನಿಸುವುದಿಲ್ಲ.

ಇನ್ನೂ ಒಂದು ವಿಷಯ ಗಮನಿಸಿ. ಈ ‘ಇಕ’ ಸಂಸ್ಕೃತದಿಂದ ಬಂದ ಪದಗಳಿಗೆ ಮಾತ್ರ ಹೀಗೆ ಹತ್ತುತ್ತದೆ. ‘ಮನೆ’ಯಿಂದ ‘ಮಾನಿಕ’ ಅಂತ ಯಾರೂ ಮಾಡಲ್ಲ. ನಮ್ಮದೇ ‘ತನ’, ‘ಗಾರ’ ಇವೆಯಲ್ಲ, ಅವು ಪದವನ್ನು ಕದಲಿಸುವುದಿಲ್ಲ. ಜಾಣ, ಜಾಣತನ. ಹಾಡು, ಹಾಡುಗಾರ. ಅಂದರೆ ನಮ್ಮಲ್ಲೂ ಎರಡು ಬಗೆಯ ಪ್ರತ್ಯಯಗಳಿವೆ: ಮನೆಯವು ಮತ್ತು ಹೊರಗಿನಿಂದ ಬಂದವು. ಎರಡರ ನಡತೆ ಬೇರೆ ಬೇರೆ.

ಇಂಗ್ಲಿಷಿನ ಕತೆಯೂ ಇದೇ. ಅದರ ಹಳೆಯ ಪದಗಳು ಜರ್ಮನ್ ಬಳಗದವು. ಅವುಗಳಲ್ಲಿ ಒತ್ತು ಬೇರಿನ ಮೇಲೆ ಕೂತರೆ ಅಲ್ಲೇ ಕೂರುತ್ತದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ದರ್ಬಾರು, ಕೋರ್ಟು, ಊಟದ ಮೇಜು ಎಲ್ಲ ಕಡೆಯಿಂದ ಫ್ರೆಂಚ್ ಪದಗಳು ನುಗ್ಗಿದವು. ಆಮೇಲಿನ ಶತಮಾನಗಳಲ್ಲಿ ಓದು ಬರಹದವರು ಲ್ಯಾಟಿನ್, ಗ್ರೀಕ್ ಪದಗಳನ್ನು ರಾಶಿಗಟ್ಟಲೆ ತಂದರು. ಆ ಪದಗಳ ಜೊತೆ ಅವುಗಳ ಬಾಲಗಳೂ ಬಂದವು, ಬಾಲಗಳ ಜೊತೆ ಒತ್ತು ಸರಿಸುವ ಅಭ್ಯಾಸವೂ ಬಂತು. ಹಾಗಾಗಿ ಒಂದು ಇಂಗ್ಲಿಷ್ ಪದ ಎದುರಾದರೆ ಮೊದಲು ನೋಡಬೇಕಾದ್ದು ಅದರ ತಲೆಯನ್ನಲ್ಲ, ಬಾಲವನ್ನು.

ಮನೆಯ ಬಾಲಗಳ ಕೆಲಸ ಬೇಗ ಮುಗಿಯುತ್ತದೆ. -ನೆಸ್, -ಲೆಸ್, -ಫುಲ್, -ಲಿ, -ಹುಡ್, -ಶಿಪ್, -ಡಮ್, -ಇಂಗ್, -ಎಡ್, ಮಾಡುವವನನ್ನು ಹೇಳುವ -ಅರ್. ಇವು ಹತ್ತಿದರೂ ಒತ್ತು ಅಲುಗಾಡುವುದಿಲ್ಲ. ˈಹ್ಯಾಪಿ, ˈಹ್ಯಾಪಿನೆಸ್. ˈನೇಬರ್, ˈನೇಬರ್‌ಹುಡ್. ಕಂˈಪ್ಯೂಟ್, ಕಂˈಪ್ಯೂಟರ್. ಫ್ರೆಂಚಿನಿಂದ ಬಂದ -ಮೆಂಟ್ ಕೂಡ ಈ ಗುಂಪಿಗೆ ಸೇರಿಕೊಂಡಿದೆ. ಡಿ-ˈವೆ-ಲಪ್ ಇದ್ದದ್ದು ಡಿ-ˈವೆ-ಲಪ್-ಮಂಟ್ ಆಗುತ್ತದೆ. ನಮ್ಮ ಕಡೆ ಭಾಷಣಗಳಲ್ಲಿ ‘ಡೆವಲಪ್‌ಮೆಂಟ್’ ಅಂತ ಮೊದಲ ಅಕ್ಷರ ಎತ್ತಿ, ಕೊನೆಯ ‘ಮೆಂಟ್’ ಅನ್ನೂ ಕುಟ್ಟಿ ಹೇಳುವುದು ರೂಢಿ. ಎರಡೂ ಕಡೆ ಒತ್ತು ಇಲ್ಲ, ನಡುವಿನ ‘ವೆ’ ಮೇಲೆ ಮಾತ್ರ ಇದೆ.

ಕೆಲಸ ಜಾಸ್ತಿ ಇರುವುದು ಹೊರಗಿನಿಂದ ಬಂದ ಬಾಲಗಳಲ್ಲಿ. -ಇಕ್, -ಇಟಿ, -ಶನ್, -ಶಿಯನ್ ಇವುಗಳಿಗೆ ಒಂದೇ ಸೂತ್ರ: ಬಾಲದ ಹಿಂದಿನ ಅಕ್ಷರದ ಮೇಲೆ ಒತ್ತು. ಪದ ಎಷ್ಟೇ ಉದ್ದ ಇರಲಿ, ಮೊದಲು ಒತ್ತು ಎಲ್ಲೇ ಇರಲಿ. ಇ-ˈಕಾ-ನ-ಮಿ ಅನ್ನುವುದು ಎ-ಕ-ˈನಾ-ಮಿಕ್ ಆಗುತ್ತದೆ. ಕಾಲುವೆ ಕಡೆಯ ಹಳ್ಳಿಗಳಲ್ಲಿ ದಿನಾ ಕೇಳುವ ಪದ ತೆಗೆದುಕೊಳ್ಳಿ: ˈಇ-ರಿ-ಗೇಟ್ ಅಂದರೆ ನೀರುಣಿಸು, ಇ-ರಿ-ˈಗೇ-ಶನ್ ಅಂದರೆ ನೀರಾವರಿ. ಆಲಮಟ್ಟಿಯಲ್ಲಿ ನೀರಿನಿಂದ ತೆಗೆಯುವುದು ಇ-ಲೆಕ್-ˈಟ್ರಿ-ಸಿ-ಟಿ, ಅದರ ಮೂಲ ಇ-ˈಲೆಕ್-ಟ್ರಿಕ್. ಮನೆಗೆ ಬಂದು ಫ್ಯೂಸ್ ಹಾಕುವವನು ಇ-ಲೆಕ್-ˈಟ್ರಿ-ಶನ್. ಮೂರಕ್ಕೂ ಮೊದಲ ಎರಡು ಅಕ್ಷರ ಒಂದೇ, ಆದರೂ ಒತ್ತು ‘ಲೆಕ್’ ಬಿಟ್ಟು ‘ಟ್ರಿ’ಗೆ ಹಾರಿದೆ.

ಬೆಳಗಾವಿಯಲ್ಲಿ ರಾಣಿ ಚನ್ನಮ್ಮ, ವಿಜಯಪುರದಲ್ಲಿ ಅಕ್ಕಮಹಾದೇವಿ ಹೆಸರಿನ ವಿಶ್ವವಿದ್ಯಾಲಯಗಳಿವೆ. ಆ ಪದವೂ ಇದೇ ಸಾಲಿನದು. ˈಯೂ-ನಿ-ವರ್ಸ್ ಅಂದರೆ ವಿಶ್ವ, ಒತ್ತು ಮೊದಲಲ್ಲಿ. ಯೂ-ನಿ-ˈವರ್-ಸಿ-ಟಿ ಅಂದಾಗ ಒತ್ತು -ಇಟಿ ಹಿಂದಿನ ‘ವರ್’ಗೆ ಬಂತು. ಬಾದಾಮಿಯಲ್ಲಿ ಪುರಾತತ್ವ ಇಲಾಖೆಯ ಬೋರ್ಡು ಓದುವವರಿಗೆ ಇನ್ನೊಂದು ಜೋಡಿ ಸಿಗುತ್ತದೆ. ಶಾಸ್ತ್ರದ ಹೆಸರು ಆರ್-ಕಿ-ˈಆ-ಲ-ಜಿ, ಇಲಾಖೆಯ ಹೆಸರಿನಲ್ಲಿರುವುದು ಆರ್-ಕಿ-ಅ-ˈಲಾ-ಜಿ-ಕಲ್.

ಸುಮ್ನೆ ಒಂದು ಮಾತು. ನಾವು ಕನ್ನಡದಲ್ಲಿ ಬರೆಯುವಾಗ ಇದನ್ನೆಲ್ಲ ಅರ್ಧ ಹಿಡಿದಿದ್ದೇವೆ. ಹಿಸ್ಟರಿ ಅಂತ ಹ್ರಸ್ವ ಬರೆಯುವ ಕೈಯೇ ಹಿಸ್ಟಾರಿಕಲ್ ಅಂತ ದೀರ್ಘ ಹಾಕುತ್ತದೆ. ಬಯಾಲಜಿ ಅನ್ನುವಾಗ ‘ಯಾ’ಕ್ಕೆ ದೀರ್ಘ, ‘ಲ’ಕ್ಕೆ ಹ್ರಸ್ವ. ಒತ್ತು ಬಿದ್ದ ಜಾಗ ನಮ್ಮ ಕಿವಿಗೆ ಉದ್ದವಾಗಿ ಕೇಳಿದೆ, ಅದನ್ನೇ ಇಳಿಸಿಕೊಂಡಿದ್ದೇವೆ. ಅಂದರೆ ಕಿವಿ ಸರಿಯಾಗೇ ಇದೆ. ಬಾಯಿ ಸ್ಪೆಲ್ಲಿಂಗ್ ನೋಡಿ ಹೆದರುತ್ತದೆ, ಅಷ್ಟೇ.

ಸೂತ್ರ ತಪ್ಪುವ ಪದಗಳೂ ಇವೆ. -ಇಕ್ ಕೊನೆಯಲ್ಲಿದ್ದರೂ ˈಆ್ಯರಬಿಕ್, ˈಲೂನಟಿಕ್, ˈಕ್ಯಾಥಲಿಕ್, ˈಪಾಲಿಟಿಕ್ಸ್ ಮಾತು ಕೇಳುವುದಿಲ್ಲ, ಒತ್ತು ಮೊದಲಲ್ಲೇ. ಗಣಿತದ ಅರಿತ್ಮೆಟಿಕ್ ಹೆಸರುಪದವಾದಾಗ ಅ-ˈರಿತ್-ಮ-ಟಿಕ್. ಇಂಥವು ಬೆರಳೆಣಿಕೆ, ಬಾಯಿಪಾಠ ಮಾಡಿಕೊಂಡರೆ ಆಯಿತು. ಅದರಲ್ಲೂ ತಮಾಷೆ ಏನೆಂದರೆ ಪಾಲಿಟಿಕ್ಸ್ ಹಟ ಹಿಡಿದರೂ ಅದರ ಬಳಗ ಸೂತ್ರಕ್ಕೆ ಬಗ್ಗುತ್ತದೆ: ಪ-ˈಲಿ-ಟಿ-ಕಲ್, ಪಾ-ಲಿ-ˈಟಿ-ಶನ್.

ಈಗ ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. -ಅಲ್ ಅನ್ನುವ ಬಾಲ ನೋಡಿ. ˈಮೆ-ಡಿ-ಕಲ್, ˈಪರ್-ಸ-ನಲ್, ˈಜೆ-ನ-ರಲ್ ಇವುಗಳಲ್ಲಿ ಒತ್ತು ಕೊನೆಯಿಂದ ಮೂರನೆಯದಕ್ಕೆ. ಆದರೆ ಮಾ-ನ್ಯು-ˈಮೆಂ-ಟಲ್, ಯೂ-ನಿ-ˈವರ್-ಸಲ್, ಅ-ˈರೈ-ವಲ್ ಇವುಗಳಲ್ಲಿ ಕೊನೆಯಿಂದ ಎರಡನೆಯದಕ್ಕೆ. ಬಾಲ ಒಂದೇ, ನಡತೆ ಎರಡು. ಇದಕ್ಕೆ ಉತ್ತರ ನಮ್ಮ ಹೈಸ್ಕೂಲಿನ ಛಂದಸ್ಸಿನ ಪಾಠದಲ್ಲಿದೆ: ಲಘು ಮತ್ತು ಗುರು.

ನೆನಪಿದೆಯಾ? ಹ್ರಸ್ವಾಕ್ಷರ ಲಘು. ದೀರ್ಘ ಇದ್ದರೆ ಗುರು, ಅನುಸ್ವಾರ ಇದ್ದರೆ ಗುರು, ಮುಂದೆ ಒತ್ತಕ್ಷರ ಬಂದರೆ ಗುರು, ವ್ಯಂಜನದಲ್ಲಿ ಕೊನೆಯಾದರೂ ಗುರು. ಕಂದಪದ್ಯಕ್ಕೆ, ಷಟ್ಪದಿಗೆ ಪ್ರಸ್ತಾರ ಹಾಕುವಾಗ ಇದನ್ನೇ ಮಾಡಿದ್ದೇವೆ. ಲ್ಯಾಟಿನ್ ಭಾಷೆಯೂ ಅಕ್ಷರಗಳ ತೂಕವನ್ನು ಸುಮಾರು ಹೀಗೇ ಎಣಿಸುತ್ತಿತ್ತು. ಅದರ ಒತ್ತಿನ ಸೂತ್ರ ಎರಡೇ ಸಾಲಿನದು. ಕೊನೆಯಿಂದ ಎರಡನೆಯ ಅಕ್ಷರ ಗುರುವಾದರೆ ಒತ್ತು ಅದಕ್ಕೆ. ಲಘುವಾದರೆ ಒತ್ತು ಒಂದು ಹೆಜ್ಜೆ ಹಿಂದಕ್ಕೆ. ಲ್ಯಾಟಿನ್ ಪದಗಳ ಜೊತೆ ಈ ಲೆಕ್ಕವೂ ಇಂಗ್ಲಿಷಿನೊಳಗೆ ಬಂದು ಸೇರಿತು.

ಪರೀಕ್ಷೆ ಮಾಡಿ ನೋಡಿ. ಮಾನ್ಯುಮೆಂಟಲ್‌ನಲ್ಲಿ ‘ಮೆಂ’ ಗುರು, ಒತ್ತು ಅಲ್ಲೇ. ಪರ್ಸನಲ್‌ನಲ್ಲಿ ‘ಸ’ ಲಘು, ಒತ್ತು ಹಿಂದಕ್ಕೆ. ಆರ್ಕಿಟೆಕ್ಚರಲ್‌ನಲ್ಲಿ ‘ಚ’ ಲಘು, ಅದಕ್ಕೇ ಒತ್ತು ‘ಟೆಕ್’ಗೆ. ಡೇಂಜರಸ್‌ನಲ್ಲಿ ‘ಜ’ ಲಘು, ಒತ್ತು ‘ಡೇಂ’ಗೆ, ಟ್ರೆಮೆಂಡಸ್‌ನಲ್ಲಿ ‘ಮೆಂ’ ಗುರು, ಒತ್ತು ಅದಕ್ಕೇ. ಬಾಲವೇ ಇಲ್ಲದ ಪದಗಳಿಗೂ ಇದು ನಡೆಯುತ್ತದೆ. ಅಜೆಂಡಾ: ‘ಜೆಂ’ ಗುರು, ಅ-ˈಜೆಂ-ಡ. ವೆರಾಂಡಾ: ವ-ˈರಾಂ-ಡ. ಸಿನಿಮಾ: ‘ನಿ’ ಲಘು, ˈಸಿ-ನ-ಮ. ಕ್ಯಾಮೆರಾ: ‘ಮೆ’ ಲಘು, ˈಕ್ಯಾ-ಮ-ರ. ಅಮೆರಿಕ: ‘ರಿ’ ಲಘು, ಅ-ˈಮೆ-ರಿ-ಕ. ಅಂಬ್ರೆಲ್ಲಾ ಇನ್ನೂ ಮಜಾ. ಇಂಗ್ಲಿಷ್ ಉಚ್ಚಾರದಲ್ಲಿ ಒಂದೇ ಲಕಾರ, ಅಂದರೆ ‘ಬ್ರೆ’ ಲಘುವೇ. ಆದರೆ ಸ್ಪೆಲ್ಲಿಂಗಿನಲ್ಲಿ ಲಕಾರ ಎರಡು, ನಾವು ಬರೆಯುವುದೂ ‘ಲ್ಲಾ’. ಒತ್ತು ನಡೆದುಕೊಳ್ಳುವುದು ನಮ್ಮ ಬರಹದ ಪ್ರಕಾರ: ಅಂ-ˈಬ್ರೆ-ಲ. ವೆನಿಲ್ಲಾ ಕೂಡ ಹಾಗೇ.

ಎಲ್ಲ ಪದಕ್ಕೂ ಇದು ನಡೆಯಲ್ಲ. ˈಕ್ಯಾಲೆಂಡರ್, ˈಕ್ಯಾರಕ್ಟರ್ ಎರಡರಲ್ಲೂ ನಡುವೆ ಗುರು ಇದ್ದರೂ ಒತ್ತು ಮೊದಲಿಗೇ. ಕ್ರಿಯಾಪದಗಳ ಲೆಕ್ಕ ಬೇರೆ, ಜರ್ಮನ್ ಮೂಲದ ಪದಗಳ ಲೆಕ್ಕ ಬೇರೆ. ಆದರೂ ಗೊತ್ತಿಲ್ಲದ ದೊಡ್ಡ ಪದವೊಂದು ಎದುರಾದಾಗ ಕಣ್ಣುಮುಚ್ಚಿ ಊಹಿಸುವುದಕ್ಕಿಂತ ಲಘು-ಗುರು ಹಾಕಿ ನೋಡುವುದು ಎಷ್ಟೋ ಮೇಲು. ಇಂಗ್ಲಿಷ್ ಕಲಿಸುವವರು ಇದನ್ನು ಕನ್ನಡ ಮೇಷ್ಟ್ರ ಹತ್ತಿರ ಬಿಟ್ಟು ತಾವು ಮಾತ್ರ ಪದಪಟ್ಟಿ ಬಾಯಿಪಾಠ ಮಾಡಿಸುತ್ತಾರಲ್ಲ, ನನಗೆ ಅದು ಅರ್ಥವಾಗುವುದಿಲ್ಲ.

ಮೂರನೆಯ ಬಗೆಯ ಬಾಲಗಳು ಸ್ವಾರ್ಥಿಗಳು, ಒತ್ತನ್ನು ತಾವೇ ಎಳೆದುಕೊಳ್ಳುತ್ತವೆ. ಹೆಚ್ಚಿನವು ಫ್ರೆಂಚಿನ ದಾರಿಯಲ್ಲಿ ಬಂದವು. ಎಂಪ್ಲಾಯ್-ˈಈ, ಟ್ರೈ-ˈನೀ, ರೆ-ಫ್ಯು-ˈಜೀ. ಚೈ-ˈನೀಸ್, ಜ್ಯಾ-ಪ-ˈನೀಸ್. ಸಿ-ಗ-ˈರೆಟ್. ಎಂ-ಜಿ-ˈನಿಯರ್. ತಾಂತ್ರಿಕ ವಿಶ್ವವಿದ್ಯಾಲಯದ ಊರಾದ ಬೆಳಗಾವಿಯಲ್ಲಿ ಈ ಕೊನೆಯ ಪದಕ್ಕೆ ಬರಗಾಲ ಇಲ್ಲ. ಆದರೆ ಕೇಳುವುದೆಲ್ಲ ಮೊದಲ ಅಕ್ಷರ ಎತ್ತಿದ ‘ಎಂಜಿನಿಯರ್’. ಕನ್ನಡದಲ್ಲಿ ಮಾತಾಡುವಾಗ ಅದು ಕನ್ನಡದ್ದೇ ಪದ, ಹಾಗೇ ಹೇಳಿ. ಇಂಗ್ಲಿಷ್ ಸಂದರ್ಶನದಲ್ಲಿ ಮಾತ್ರ ಬಾಲ ಎತ್ತಿ ಹೇಳಿ. ಕ-ˈಮಿ-ಟಿ ಮಾತ್ರ ಈ ಗುಂಪಿನಿಂದ ಹೊರಗೆ, ಅದರಲ್ಲಿ ಒತ್ತು ನಡುವೆ.

ಬಾಲಗಳು ಒಂದರ ಮೇಲೊಂದು ಕೂರುವಾಗಲೂ ಒಂದು ಶಿಸ್ತು ಇದೆ. ಹೊರಗಿನಿಂದ ಬಂದ ಬಾಲ ಬೇರಿಗೆ ಹತ್ತಿರ ಕೂರುತ್ತದೆ, ಮನೆಯದು ಹೊರ ಅಂಚಿನಲ್ಲಿ. ಹಿಸ್ಟಾರಿಕಲ್ಲಿ ಅನ್ನುವುದರಲ್ಲಿ ಮೊದಲು -ಇಕ್, ಆಮೇಲೆ -ಅಲ್, ಕೊನೆಗೆ -ಲಿ. ಹೋಪ್‌ಲೆಸ್‌ನೆಸ್ ಆಗುತ್ತದೆ, ಹೋಪ್‌ಲೆಸಿಟಿ ಆಗುವುದಿಲ್ಲ. ನಮ್ಮ ‘ಐತಿಹಾಸಿಕವಾಗಿ’ಯನ್ನೂ ಬಿಡಿಸಿ ನೋಡಿ: ಸಂಸ್ಕೃತದ ‘ಇಕ’ ಒಳಗೆ, ಕನ್ನಡದ ‘ಆಗಿ’ ಹೊರಗೆ.

ಪದದ ಮುಂದೆ ಹತ್ತುವ ಉಪಸರ್ಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅನ್-, ಇನ್-, ಡಿಸ್-, ರಿ-, ಮಿಸ್- ಇವು ಸಾಮಾನ್ಯವಾಗಿ ಮುಖ್ಯ ಒತ್ತು ತೆಗೆದುಕೊಳ್ಳುವುದಿಲ್ಲ. ಅನ್ˈಹ್ಯಾಪಿ, ಇಂˈಪಾಸಿಬಲ್, ಡಿಸˈಪಿಯರ್. ಇಲ್ಲ ಅನ್ನುವ ಅರ್ಥ ಎತ್ತಿ ಹೇಳಬೇಕು ಅನಿಸಿ ನಾವು ‘ಅನ್’ ಮೇಲೆ ಒತ್ತು ಹಾಕುತ್ತೇವೆ. ವಿಜಯಪುರದ ಕಡೆ ಗೈರುಹಾಜರಿ, ಬೇಜವಾಬ್ದಾರಿ, ನಾಲಾಯಕ್ ಅನ್ನುವಾಗ ಮುಂದಿನ ತುಣುಕನ್ನು ಎಳೆದು ಬೈಯುವ ರುಚಿ ಗೊತ್ತಿರುವುದರಿಂದಲೋ ಏನೋ. ಉಪಸರ್ಗವೇ ಒತ್ತು ಹೊರುವ ಒಂದು ಪದ ಮಾತ್ರ ನೆನಪಿಡಿ. ˈಫೇಮಸ್ ಅಂದರೆ ಹೆಸರುವಾಸಿ. ಕುಖ್ಯಾತ ಅನ್ನುವುದು ಇನ್‌ಫೇಮಸ್ ಅಲ್ಲ, ˈಇನ್-ಫ-ಮಸ್. ‘ಫೇ’ ಕುಗ್ಗಿ ಲಘುವಾಗಿ ‘ಫ’ ಆಗಿದೆ, ಒತ್ತು ಹಿಂದಕ್ಕೆ ಹೋಗಿದೆ.

ಎರಡೇ ಅಕ್ಷರದ ಕೆಲವು ಪದಗಳಲ್ಲಿ ಒತ್ತೇ ವ್ಯಾಕರಣ. ದ್ರಾಕ್ಷಿಯ ರಫ್ತು ˈಎಕ್ಸ್‌ಪೋರ್ಟ್, ರಫ್ತು ಮಾಡುವುದು ಎಕ್ಸ್‌ˈಪೋರ್ಟ್. ಲಾರಿಯವನ ಕೈಯಲ್ಲಿರುವ ಚೀಟಿ ˈಪರ್ಮಿಟ್, ಅನುಮತಿ ಕೊಡುವುದು ಪರ್ˈಮಿಟ್. ಕಂದಾಯ ಕಚೇರಿಯ ಕಡತ ˈರೆಕಾರ್ಡ್, ಹಾಡು ದಾಖಲಿಸುವುದು ರಿˈಕಾರ್ಡ್. ನಾಮಪದವಾದರೆ ಮೊದಲ ಅಕ್ಷರಕ್ಕೆ, ಕ್ರಿಯಾಪದವಾದರೆ ಎರಡನೆಯದಕ್ಕೆ. ಹಾಗಂತ ಎಲ್ಲದಕ್ಕೂ ಹಚ್ಚಬೇಡಿ. ರಿˈಪೋರ್ಟ್‌ನಲ್ಲಿ ಎರಡೂ ಅರ್ಥಕ್ಕೆ ಎರಡನೆಯದರ ಮೇಲೆ, ˈಆನ್ಸರ್‌ನಲ್ಲಿ ಎರಡೂ ಅರ್ಥಕ್ಕೆ ಮೊದಲನೆಯದರ ಮೇಲೆ.

ಇಷ್ಟೆಲ್ಲ ಓದಿ ಬಾಯಿ ಸೊಟ್ಟ ಮಾಡಿ ಲಂಡನ್ನಿನವರ ಥರ ಮಾತಾಡಬೇಕಾ? ಬೇಡ. ನಮ್ಮ ಟಕಾರ, ಡಕಾರ, ರಕಾರ ನಮ್ಮವೇ ಇರಲಿ, ಅದರಿಂದ ಕೇಳುವವರಿಗೆ ಅಷ್ಟೇನೂ ತೊಂದರೆ ಇಲ್ಲ. ಒತ್ತೊಂದು ಸರಿ ಇದ್ದರೆ ಉಚ್ಚಾರ ಎಷ್ಟು ದೇಸಿಯಾಗಿದ್ದರೂ ಮಾತು ಮುಟ್ಟುತ್ತದೆ. ಒತ್ತು ಕಲಿಯುವಾಗ ಜೋರಾಗಿ ಹೇಳುವುದನ್ನು ಅಭ್ಯಾಸ ಮಾಡುವುದಕ್ಕಿಂತ ಕುಗ್ಗಿಸುವುದನ್ನು ಅಭ್ಯಾಸ ಮಾಡಿ. ಉಳಿದ ಅಕ್ಷರಗಳನ್ನು ಹ್ರಸ್ವ ‘ಅ’ಕ್ಕೆ ಇಳಿಸಿದರೆ ಒತ್ತಿನ ಅಕ್ಷರ ತಾನಾಗೇ ಎದ್ದು ಕಾಣುತ್ತದೆ. ಆ ‘ಅ’ ನಮ್ಮ ಬಾಯಲ್ಲಿ ಹುಟ್ಟಿನಿಂದ ಇದೆ, ಹೊಸದಾಗಿ ಕಲಿಯಬೇಕಾಗಿಲ್ಲ. ಪದಗಳನ್ನು ಒಂಟಿಯಾಗಿ ಹೇಳದೆ ಬಳಗವಾಗಿ ಹೇಳಿ: ˈಹಿಸ್ಟರಿ, ಹಿˈಸ್ಟಾರಿಕ್, ಹಿˈಸ್ಟಾರಿಯನ್. ಅನುಮಾನ ಬಂದರೆ ಮೊಬೈಲಿನ ನಿಘಂಟಿನಲ್ಲಿ ಆ ಸಣ್ಣ ಗೀಟು ಎಲ್ಲಿದೆ ನೋಡಿ, ಪಕ್ಕದ ಸ್ಪೀಕರ್ ಒತ್ತಿ ಕೇಳಿ.

ನಿಘಂಟಿನಲ್ಲಿ ಒಮ್ಮೊಮ್ಮೆ ಎರಡು ಉತ್ತರ ಸಿಗುತ್ತವೆ, ಆಗ ಗಾಬರಿಯಾಗಬೇಡಿ. ಅಳೆಯುವ ಉಪಕರಣಗಳಲ್ಲಿ -ಮೀಟರ್ ಹಿಂದಿನ ಅಕ್ಷರಕ್ಕೆ ಒತ್ತು ಬರುತ್ತದೆ: ತರ್-ˈಮಾ-ಮಿ-ಟರ್, ಸ್ಪೀ-ˈಡಾ-ಮಿ-ಟರ್. ಉದ್ದದ ಅಳತೆಗಳಲ್ಲಿ ಒತ್ತು ಮೊದಲಿಗೆ: ˈಸೆಂಟಿಮೀಟರ್, ˈಮಿಲಿಮೀಟರ್. ಹಾಗಾದರೆ ಕಿಲೋಮೀಟರ್? ಲೆಕ್ಕದ ಪ್ರಕಾರ ˈಕಿ-ಲ-ಮೀ-ಟರ್. ಆದರೆ ಇಂಗ್ಲಿಷ್ ಮನೆಮಾತಿನವರೇ ಎಷ್ಟೋ ಮಂದಿ ತರ್ಮಾಮಿಟರ್ ಜಾಡು ಹಿಡಿದು ಕಿ-ˈಲಾ-ಮಿ-ಟರ್ ಅನ್ನುತ್ತಾರೆ, ಬೇರೆಯವರು ಅದನ್ನು ಕೇಳಿ ಮೂಗು ಮುರಿಯುತ್ತಾರೆ. ನಿಘಂಟುಗಳು ಎರಡನ್ನೂ ಕೊಡುತ್ತವೆ. ಬಾಗಲಕೋಟೆಯಿಂದ ಬಾದಾಮಿಗೆ ಎಷ್ಟು ದೂರ ಅಂತ ಯಾರಾದರೂ ಕೇಳಿದರೆ, ಬಾಯಿಗೆ ಯಾವುದು ಸಲೀಸೋ ಅದರಲ್ಲೇ ಹೇಳಿಬಿಡಿ.